ದಂಗೆಯೋ, ಬಂಡಾಯವೋ?

ಹೊಸನಗರದಿಂದ ಕುಂದಾಪುರದ ಕಡೆಗೆ ಇಳಿಯುವ ದಾರಿಯಲ್ಲಿ ‘ನಗರ’ ಎಂಬ ಊರು ಸಿಗುತ್ತದೆ. ಹೆಸರು ಕೇಳಿ ಪೇಟೆ ಪಟ್ಟಣವನ್ನು ನಿರೀಕ್ಷಿಸಿ ಬಸ್ಸಿಳಿದವರಿಗೆ ಕಾಣುವುದು ಕೆಲವು ಅಂಗಡಿಗಳು, ಅಡಿಕೆ ತೋಟಗಳು, ಮಳೆಗೆ ಕಪ್ಪಿಟ್ಟ ಒಂದು ಕೋಟೆ. ಕೆಳದಿ ಅರಸರ ಕೊನೆಯ ರಾಜಧಾನಿ ಬಿದನೂರು ಇದೇ. 1763ರಲ್ಲಿ ಹೈದರಾಲಿ ಇದನ್ನು ಗೆದ್ದು ಹೈದರನಗರ ಎಂದು ಕರೆದ. ಮುಂದೆ ಹೈದರನ ಹೆಸರು ಉದುರಿಹೋಗಿ ಬರಿಯ ನಗರ ಉಳಿಯಿತು.

ಈ ಊರಿನ ಹೆಸರಿನಲ್ಲೇ ಕರ್ನಾಟಕದ ಚರಿತ್ರೆಯಲ್ಲಿ ಒಂದು ದೊಡ್ಡ ಘಟನೆ ದಾಖಲಾಗಿದೆ. 1830-31ರಲ್ಲಿ ಇಲ್ಲಿನ ರೈತರು ಮೈಸೂರು ಅರಸರ ಆಡಳಿತದ ವಿರುದ್ಧ ತಿರುಗಿಬಿದ್ದರು. ಮೈಸೂರಿನ ಆಡಳಿತವನ್ನು 50 ವರ್ಷಗಳ ಕಾಲ ಇಂಗ್ಲಿಷರು ತಮ್ಮ ಕೈಗೆ ತೆಗೆದುಕೊಳ್ಳಲು ಇದೇ ನೆಪವಾಯಿತು. ಆದರೆ ಆ ಘಟನೆಯ ಹೆಸರೇನು? ಒಂದು ಪುಸ್ತಕ ತೆರೆದರೆ ‘ನಗರದ ದಂಗೆ’ ಎಂದಿರುತ್ತದೆ. ಇನ್ನೊಂದರಲ್ಲಿ ‘ನಗರ ಬಂಡಾಯ’. ಪರೀಕ್ಷೆಗೆ ಓದುವ ಹುಡುಗರು ಎರಡನ್ನೂ ಒಂದೇ ಎಂದು ಬಗೆದು ಬಾಯಿಗೆ ಬಂದದ್ದನ್ನು ಬರೆಯುತ್ತಾರೆ. ಅಂಕವೇನೂ ಕಡಿಮೆಯಾಗುವುದಿಲ್ಲ. ಆದರೆ ಈ ಎರಡು ಪದಗಳ ಅರ್ಥ ಒಂದೇ ಅಲ್ಲ.

ಎರಡೂ ‘ಏಳುವ’ ಪದಗಳು. ದಂಗೆ ಏಳುತ್ತಾರೆ, ಬಂಡಾಯವನ್ನೂ ಏಳುತ್ತಾರೆ. ಬಂಡೇಳುವುದು ಎಂದೂ ಹೇಳುವುದುಂಟು. ಕುಳಿತಿದ್ದವನು, ಸುಮ್ಮನಿದ್ದವನು ಥಟ್ಟನೆ ಎದ್ದುನಿಂತ ಚಿತ್ರ ಎರಡರಲ್ಲೂ ಇದೆ. ಎರಡೂ ಅಚ್ಚಕನ್ನಡದವಲ್ಲ. ಹಿಂದಿ, ಮರಾಠಿಗಳಲ್ಲಿ ಗಲಭೆಗೆ ‘ದಂಗಾ’ ಎನ್ನುತ್ತಾರೆ. ಮರಾಠಿಯಲ್ಲಿ ಆಳುವವರ ವಿರುದ್ಧ ತಿರುಗಿಬೀಳುವುದಕ್ಕೆ ‘ಬಂಡ’ ಎಂಬ ಮಾತಿದೆ. ನಂಟು ಇಷ್ಟಕ್ಕೇ ಮುಗಿಯುತ್ತದೆ.

‘ದಂಗೆ’ ಎಂದಾಗ ಕನ್ನಡದ ಕಿವಿಗೆ ‘ದಂಗು’ ಕೇಳಿಸುತ್ತದೆ. ದಂಗಾಗುವುದು, ದಂಗುಬಡಿಯುವುದು. ಮೂಲದಲ್ಲಿ ಎರಡೂ ಒಂದೇ ಆಗಿರಲಿ, ಇಲ್ಲದಿರಲಿ, ಬಳಕೆಯಲ್ಲಿ ಅವು ನಂಟರಂತೆಯೇ ನಡೆದುಕೊಳ್ಳುತ್ತವೆ. ದಂಗೆ ನಡೆದಾಗ ನೋಡಿದವರು ದಂಗಾಗುತ್ತಾರೆ. ಏಕೆಂದರೆ ಅದು ಮುನ್ಸೂಚನೆ ಇಲ್ಲದೆ ಆಗುವಂಥದ್ದು. ದಂಗೆ ‘ಭುಗಿಲೇಳುತ್ತದೆ’, ‘ಹಬ್ಬುತ್ತದೆ’, ಅದನ್ನು ‘ಹತ್ತಿಕ್ಕಲಾಗುತ್ತದೆ’. ಎಲ್ಲವೂ ಬೆಂಕಿಗೆ, ರೋಗಕ್ಕೆ ಸಲ್ಲುವ ಮಾತುಗಳು. ಪತ್ರಿಕೆಗಳ ಶೀರ್ಷಿಕೆಗಳೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಬೆಂಕಿಗೆ ಬೇಡಿಕೆ ಇರುವುದಿಲ್ಲ, ಅದು ಅರ್ಜಿ ಬರೆಯುವುದೂ ಇಲ್ಲ. ಅದನ್ನು ಆರಿಸಬೇಕು, ಅಷ್ಟೆ.

‘ಬಂಡಾಯ’ದ ಜಾಡು ಬೇರೆ. ಚುನಾವಣೆ ಬಂದಾಗ ಟಿಕೆಟ್ ಸಿಗದೆ ಪಕ್ಷದ ವಿರುದ್ಧವೇ ನಾಮಪತ್ರ ಸಲ್ಲಿಸುವವನು ‘ಬಂಡಾಯ ಅಭ್ಯರ್ಥಿ’. ಅವನನ್ನು ‘ದಂಗೆ ಅಭ್ಯರ್ಥಿ’ ಎಂದು ಯಾರೂ ಕರೆಯುವುದಿಲ್ಲ. 1979ರಲ್ಲಿ ಕನ್ನಡದ ಕೆಲವು ಲೇಖಕರು ಕೂಡಿ ಸಂಘಟನೆ ಕಟ್ಟಿದಾಗ ಆರಿಸಿಕೊಂಡ ಹೆಸರು ‘ಬಂಡಾಯ ಸಾಹಿತ್ಯ’. ‘ದಂಗೆ ಸಾಹಿತ್ಯ’ ಎಂಬುದನ್ನು ಊಹಿಸಿಕೊಳ್ಳುವುದೂ ಕಷ್ಟ. ಬಂಡಾಯಕ್ಕೆ ಎದುರಾಳಿ ಬೇಕು, ಕಾರಣ ಬೇಕು, ಮೊದಲು ಒಂದು ಸಂಬಂಧ ಇದ್ದು ಅದು ಮುರಿದಿರಬೇಕು. ದಂಗೆಗೆ ಜನಜಂಗುಳಿ ಇದ್ದರೆ ಸಾಕು.

ಪದಗಳ ಬಾಲವನ್ನೂ ಗಮನಿಸಬೇಕು. ದಂಗೆ ಎದ್ದವನು ‘ದಂಗೆಕೋರ’. ಈ ‘ಕೋರ’ ಪಾರಸಿ ಮೂಲದ್ದು. ತಿನ್ನುವವನು ಎಂದು ಅರ್ಥ. ಲಂಚಕೋರ, ಚಾಡಿಕೋರ, ಜಗಳಕೋರ ಎಲ್ಲರೂ ಅದೇ ಸಾಲಿನಲ್ಲಿ ನಿಲ್ಲುವವರು. ಬಂಡಾಯ ಎದ್ದವನು ಮಾತ್ರ ‘ಬಂಡಾಯಗಾರ’ ಆಗಿ ಹಾಡುಗಾರ, ಮಾತುಗಾರ, ಕುಶಲಕರ್ಮಿಗಳ ಸಾಲಿಗೆ ಸೇರುತ್ತಾನೆ. (ಮೋಸಗಾರನೂ ಅದೇ ಸಾಲಿನಲ್ಲಿದ್ದಾನೆ, ‘ಬಂಡುಕೋರ’ ಎಂಬ ಮಾತೂ ಇದೆ ಎಂದು ಯಾರಾದರೂ ಆಕ್ಷೇಪಿಸಬಹುದು. ಭಾಷೆಯಲ್ಲಿ ಇಂಥ ಗಡಿಗಳಿಗೆ ಬೇಲಿ ಹಾಕಲು ಬರುವುದಿಲ್ಲ.) ಒಟ್ಟಿನಲ್ಲಿ ದಂಗೆ ಎಂದರೆ ಹಠಾತ್ತನೆ ಆದದ್ದು, ಬಂಡಾಯ ಎಂದರೆ ಮನಸ್ಸು ಮಾಡಿ ಮಾಡಿದ್ದು ಎಂಬ ಭಾವ ಜನರ ಬಾಯಲ್ಲಿ ನೆಲೆಯಾಗಿದೆ.

ಹಾಗಾದರೆ 1830ರಲ್ಲಿ ನಗರದ ರೈತರು ಮಾಡಿದ್ದು ಯಾವುದು?

ಅವರಿಗೆ ಈ ಎರಡು ಪದಗಳ ಗೊಡವೆಯೇ ಇದ್ದಂತಿಲ್ಲ. ಅವರ ಪದ ಮೂರನೆಯದು: ‘ಕೂಟ’. ಇಂಗ್ಲಿಷ್ ಅಧಿಕಾರಿಗಳ ಕಡತಗಳೊಳಗೂ ಆ ಪದ ಹಾಗೆಯೇ ನುಸುಳಿಬಿಟ್ಟಿದೆ. ಅದೇ ಕಾಲದಲ್ಲಿ ಘಟ್ಟದ ಕೆಳಗೆ ಕೆನರಾ ಜಿಲ್ಲೆಯಲ್ಲಿ ಕಂದಾಯ ಕೊಡುವುದಿಲ್ಲವೆಂದು ರೈತರು ಸೇರಿದ್ದೂ ‘ಕೂಟ’ಗಳಾಗಿಯೇ. ಕೂಟ ‘ಏಳು’ವುದಿಲ್ಲ, ಕೂಡುತ್ತದೆ. ಕೂಡಬೇಕಾದರೆ ಊರಿಂದ ಊರಿಗೆ ಹೇಳಿಕಳಿಸಬೇಕು, ಜಾಗ ಗೊತ್ತುಮಾಡಬೇಕು, ಬಂದವರ ಊಟಕ್ಕೆ ಅಕ್ಕಿ ಹೊಂದಿಸಬೇಕು. ಇದರಲ್ಲಿ ಥಟ್ಟನೆ ಆಗುವಂಥದ್ದು ಯಾವುದೂ ಇಲ್ಲ.

ಅವರ ದೂರು ಎಷ್ಟು ಹಳೆಯದೆಂದು ತಿಳಿಯಲು ಇನ್ನೂ ಸುಮಾರು 170 ವರ್ಷ ಹಿಂದಕ್ಕೆ ಹೋಗಬೇಕು. ಇಂದಿನ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳು ಕೆಳದಿ ಸಂಸ್ಥಾನದ ಒಡಲು. ಕೆಳದಿ, ಇಕ್ಕೇರಿಗಳು ಸಾಗರಕ್ಕೆ ಸೇರಿದ್ದರೆ ಬಿದನೂರು ಹೊಸನಗರಕ್ಕೆ, ಕವಲೇದುರ್ಗದ ಕೋಟೆ ತೀರ್ಥಹಳ್ಳಿಗೆ. 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕ ಇಲ್ಲಿನ ನೆಲವನ್ನು ಸಾರಕ್ಕೆ ತಕ್ಕಂತೆ ದರ್ಜೆಗಳಾಗಿ ವಿಂಗಡಿಸಿ, ಹಲವು ವರ್ಷಗಳ ಇಳುವರಿ ನೋಡಿ ಕಂದಾಯ ಗೊತ್ತುಮಾಡಿದ. ಬೆಳೆಯ ಮೂರನೇ ಒಂದು ಪಾಲು ಅರಮನೆಗೆ. ಅಡಿಕೆ ತೋಟಕ್ಕೆ ಮರಗಳ ಎಣಿಕೆಯ ಮೇಲೆ ತೆರಿಗೆ. ಇದೇ ‘ಶಿವಪ್ಪ ನಾಯಕನ ಶಿಸ್ತು’. ಶಿಸ್ತು ಎಂಬ ಮಾತಿಗೆ ಇಲ್ಲಿ ಶಾಲೆಯ ಶಿಸ್ತಿನ ಅರ್ಥವಲ್ಲ. ಗೊತ್ತಾದ ಕಂದಾಯ ಎಂದು. ಮಲೆನಾಡಿನ ರೈತನಿಗೆ ಅದೊಂದು ಅಳತೆಗೋಲಾಯಿತು. ಮುಂದೆ ಯಾವ ಸರ್ಕಾರ ಬಂದರೂ ಅದು ಕೇಳುವ ಕಂದಾಯವನ್ನು ಶಿಸ್ತಿನ ಪಕ್ಕದಲ್ಲಿಟ್ಟು ನೋಡುವುದು ರೂಢಿಯಾಯಿತು.

ಹೈದರ್, ಟಿಪ್ಪು ಕಾಲದಲ್ಲಿ ಅದರ ಮೇಲೆ ಪಟ್ಟಿಗಳು ಬಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಕಂಪನಿ ಪಟ್ಟಕ್ಕೇರಿಸಿತು. ಅದಕ್ಕೆ ಪ್ರತಿಯಾಗಿ ಮೈಸೂರು ವರ್ಷಕ್ಕೆ 7 ಲಕ್ಷ ವರಹ, ಎಂದರೆ ಸುಮಾರು 24.5 ಲಕ್ಷ ರೂಪಾಯಿ ಪೊಗದಿ ಕಟ್ಟಬೇಕಾಯಿತು. ಪೊಗದಿಗೆ ಅತಿವೃಷ್ಟಿ, ಅನಾವೃಷ್ಟಿಗಳ ರಿಯಾಯಿತಿ ಇರಲಿಲ್ಲ. ಪೂರ್ಣಯ್ಯನವರ ದಿವಾನಗಿರಿ ಮುಗಿದು ಅರಸರೇ ಆಡಳಿತ ವಹಿಸಿಕೊಂಡ ಮೇಲೆ ಖರ್ಚು ಬೆಳೆಯಿತು, ಸಾಲ ಬೆಳೆಯಿತು.

ಆಗ ಕಂದಾಯ ವಸೂಲಿಗೆ ಬಳಕೆಗೆ ಬಂದದ್ದು ‘ಷರತ್ತು’ ಪದ್ಧತಿ. ತನ್ನ ತಾಲ್ಲೂಕಿನಿಂದ ಇಷ್ಟು ಹಣ ಎತ್ತಿಕೊಡುತ್ತೇನೆ ಎಂದು ಅಮಲ್ದಾರ ಮುಚ್ಚಳಿಕೆ ಬರೆದುಕೊಡಬೇಕು. ಕಡಿಮೆ ಬಿದ್ದರೆ ಅವನೇ ಕೈಯಿಂದ ತುಂಬಬೇಕು. ಹೆಚ್ಚು ಬಂದರೆ ಸರ್ಕಾರಕ್ಕೆ ಸಲ್ಲಬೇಕು. ಕಾಗದದ ಮೇಲೆ ಅಚ್ಚುಕಟ್ಟಾದ ಏರ್ಪಾಡು. ತನ್ನ ಜೇಬಿನಿಂದ ತುಂಬುವ ಅಮಲ್ದಾರ ಯಾರೂ ಇರಲಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊರತೆ ರೈತನ ಕಣಜದಿಂದಲೇ ತುಂಬುತ್ತಿತ್ತು.

1820ರ ದಶಕದ ಕೊನೆಗೆ ನಗರದ ಫೌಜದಾರಿಗೆ ವೀರರಾಜ ಅರಸು ಎಂಬವರು ಬಂದರು. ಹಿಂದಿನ ಫೌಜದಾರರು ರೈತರಿಗೆ ಕೊಟ್ಟಿದ್ದ ಕಂದಾಯದ ಮಾಫಿಗಳಲ್ಲಿ ಮೋಸ ನಡೆದಿದೆಯೆಂಬ ಗುಮಾನಿ ಅರಮನೆಗಿತ್ತು. ಹಳೆಯ ಲೆಕ್ಕಗಳನ್ನು ಬಿಚ್ಚಿದರು, ಮಾಫಿಯಾಗಿದ್ದ ಬಾಕಿಯನ್ನು ಮತ್ತೆ ಕೇಳತೊಡಗಿದರು. ಮೋಸ ನಿಜವಾಗಿಯೂ ನಡೆದಿದ್ದಿರಬಹುದು. ಅಧಿಕಾರ ಕಳೆದುಕೊಂಡ ಹಳೆಯ ಫೌಜದಾರರ ಕಡೆಯವರು ರೈತರನ್ನು ಒಳಗಿಂದೊಳಗೇ ಎತ್ತಿಕಟ್ಟಿದರು ಎಂಬ ಆರೋಪವೂ ಅಂದಿನ ದಾಖಲೆಗಳಲ್ಲಿದೆ. ಆದರೆ ಮಾಫಿ ಆಯಿತೆಂದು ನಂಬಿ ಮಗಳ ಮದುವೆ ಮಾಡಿದವನ ಬಾಗಿಲಿಗೆ ಮತ್ತೆ ವಸೂಲಿಯವನು ಬಂದು ನಿಂತರೆ, ಅವನಿಗೆ ಎತ್ತಿಕಟ್ಟುವವರು ಬೇರೆ ಬೇಕೇ?

1830ರ ಉತ್ತರಾರ್ಧದಲ್ಲಿ ಕೂಟಗಳು ಸೇರಿದವು. ರೈತರು ಕಂದಾಯ ನಿಲ್ಲಿಸಿದರು, ದೂರು ಹೇಳಿಕೊಂಡರು. ಇದೇ ಹೊತ್ತಿಗೆ ಬೂದಿ ಬಸಪ್ಪ ಎಂಬಾತ ಕೆಳದಿಯ ಅರಸು ಮನೆತನದ ವಾರಸುದಾರ ತಾನೇ ಎಂದು ಮುಂದೆ ಬಂದ. ಆತನ ಮೊದಲ ಹೆಸರು ಸಾದರ ಮಲ್ಲ. ಕೆಳದಿ ನಾಯಕರ ಮುದ್ರೆಗಳು ಜಂಗಮನೊಬ್ಬನಿಂದ ಆತನ ಕೈಸೇರಿದ್ದವು ಎನ್ನುವುದು ದಾಖಲೆಗಳು ಹೇಳುವ ಕತೆ. ತರೀಕೆರೆಯ ಪಾಳೆಯಗಾರ ರಂಗಪ್ಪ ನಾಯಕ ಆತನ ಬೆಂಬಲಕ್ಕೆ ನಿಂತ.

ಬೂದಿ ಬಸಪ್ಪ ನಿಜವಾದ ವಾರಸುದಾರನೋ ಅಲ್ಲವೋ ಎಂಬ ಚರ್ಚೆಗೆ ಇತಿಹಾಸಕಾರರು ಬೇಕಾದಷ್ಟು ಶಾಯಿ ಸುರಿದಿದ್ದಾರೆ. ಅದಕ್ಕಿಂತ ಕುತೂಹಲದ್ದು ಆತ ರೈತರಿಗೆ ಕೊಟ್ಟ ಮಾತು. ಹಳೆಯ ಬಾಕಿ ಪೂರ್ತಿ ಮಾಫಿ. ಈಗ ಒಂದು ವರಹ ಕಂದಾಯ ಕಟ್ಟುವ ಕಡೆ ಇನ್ನು ಮುಂದೆ ಒಂದೇ ರೂಪಾಯಿ. ವರಹಕ್ಕೆ ಮೂರೂವರೆ ರೂಪಾಯಿಯ ಲೆಕ್ಕದಲ್ಲಿ ಇದು ಮೂರನೇ ಒಂದು ಪಾಲಿಗಿಂತಲೂ ಕಡಿಮೆ. ಜನ ಆತನ ಬೆನ್ನಿಗೆ ಬಿದ್ದದ್ದು ಮುದ್ರೆಯುಂಗುರ ನೋಡಿಯೋ, ಈ ಲೆಕ್ಕ ಕೇಳಿಯೋ? ಎರಡೂ ಇರಬಹುದು. ಆದರೆ ಹಠಾತ್ ಸಿಟ್ಟಿಗೆ ಭಾಗಾಕಾರ ಬರುವುದಿಲ್ಲ. ವರಹಕ್ಕೆ ಎಷ್ಟು ರೂಪಾಯಿ ಎಂದು ಎಣಿಸಿ ನೋಡುವವನು ಬಹಳ ದಿನದಿಂದ ಎಣಿಸುತ್ತಲೇ ಇದ್ದವನು.

ನಡೆದದ್ದೆಲ್ಲ ಶಾಂತವಾಗಿತ್ತೆಂದಲ್ಲ. ಸುಲಿಗೆ, ರಕ್ತಪಾತ ಎರಡೂ ಆದವು. ಪಾಳೆಯಗಾರರಿಗೆ ಅವರದೇ ಆದ ಹಳೆಯ ಲೆಕ್ಕಗಳಿದ್ದವು. ಆ ಮಟ್ಟಿಗೆ ದಂಗೆ ಎಂದವರದ್ದೂ ಪೂರ್ತಿ ಸುಳ್ಳಲ್ಲ. ಡಿಸೆಂಬರ್‌ನಲ್ಲಿ ಮಹಾರಾಜರೇ ಸೈನ್ಯದೊಂದಿಗೆ ಚನ್ನರಾಯಪಟ್ಟಣದ ಕಡೆಗೆ ಹೊರಟರು. ಸಿಕ್ಕಿಬಿದ್ದವರಿಗೆ ಉಗ್ರ ಶಿಕ್ಷೆಗಳಾದವು. ಉತ್ತರದಲ್ಲಿ ಕಿತ್ತೂರಿನ ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು ಇದೇ ತಿಂಗಳುಗಳಲ್ಲಿ, 1831ರ ಜನವರಿ 26ರಂದು. ಅರಸರ ಪಡೆಯಿಂದ ಮಲೆನಾಡು ಹತೋಟಿಗೆ ಬಾರದಾದಾಗ ಕಂಪನಿ ಸೇನೆ ಬಂದಿತು. 1831ರ ಜೂನ್‌ನಲ್ಲಿ, ಮುಂಗಾರು ಹಿಡಿಯುವ ಹೊತ್ತಿಗೆ, ನಗರದ ಕೋಟೆ ಅದರ ವಶವಾಯಿತು.

ಪದದ ಆಟ ನಿಜವಾಗಿ ಶುರುವಾದದ್ದು ಇದಾದ ಮೇಲೆ. ಪೊಗದಿಯ ಹಣಕ್ಕೆ ಅಪಾಯ ಒದಗಿದರೆ ಆಡಳಿತ ವಹಿಸಿಕೊಳ್ಳಬಹುದೆಂದು 1799ರ ಒಪ್ಪಂದದಲ್ಲಿ ಒಂದು ಕಲಮು ಇತ್ತು. ಗವರ್ನರ್ ಜನರಲ್ ಬೆಂಟಿಂಕ್ ಅದನ್ನು ಹಿಡಿದುಕೊಂಡು 1831ರ ಅಕ್ಟೋಬರ್‌ನಲ್ಲಿ ಮೈಸೂರನ್ನು ಕಮಿಷನರುಗಳ ಕೈಗೆ ಒಪ್ಪಿಸಿದರು. ನಡೆದದ್ದೇನು ಎಂದು ವಿಚಾರಿಸಲು ಹಾಕರ್, ಮಾರಿಸನ್, ಮ್ಯಾಕ್ಲಿಯಾಡ್, ಕಬ್ಬನ್ ಇವರ ಸಮಿತಿ ವರದಿ ಕೊಟ್ಟದ್ದು 1833ರ ಡಿಸೆಂಬರ್‌ನಲ್ಲಿ. ಎಂದರೆ ತೀರ್ಪು ಮೊದಲು, ವಿಚಾರಣೆ ಆಮೇಲೆ! ರಾಜ್ಯ ವಾಪಸಾದದ್ದು 1881ರಲ್ಲಿ.

ಸಮಿತಿ ತನ್ನ ವರದಿಯಲ್ಲಿ ಬಳಸಿದ ಇಂಗ್ಲಿಷ್ ಪದವನ್ನು ಕನ್ನಡಕ್ಕೆ ತಂದವರು ದಂಗೆ ಎಂದರು. ವಿಚಿತ್ರವೆಂದರೆ ಅದೇ ವರದಿಯ ಒಳಗೆ ಷರತ್ತು ಪದ್ಧತಿ, ಬಾಕಿ, ವಸೂಲಿಯ ಕಾಟ ಎಲ್ಲವೂ ವರ್ಷಾನುವರ್ಷ ವಿವರವಾಗಿ ದಾಖಲಾಗಿವೆ. ತಲೆಬರಹ ಒಂದು ಹೇಳಿದರೆ ಒಳಗಿನ ಪುಟಗಳು ಇನ್ನೊಂದು ಹೇಳುತ್ತವೆ. ಕಂಪನಿಗೆ ಅದು ಅರಸರ ದುರಾಡಳಿತಕ್ಕೆ ಸಾಕ್ಷಿಯಾಗಿ ಬೇಕಿತ್ತು. ಅರಮನೆಯ ಕಡೆಯವರಿಗೆ ಅದು ಯಾರೋ ಕಿಡಿಗೇಡಿಗಳ ಕಿತಾಪತಿಯಾಗಿ ಕಾಣಬೇಕಿತ್ತು. ರೈತನ ಬೇಡಿಕೆ ಎರಡು ಕಡೆಗೂ ಮುಖ್ಯವಾಗಲಿಲ್ಲ.

ಈ ತಾಪತ್ರಯ ನಗರದ್ದು ಮಾತ್ರವಲ್ಲ. ಇತಿಹಾಸಕಾರ ರಣಜಿತ್ ಗುಹಾ 1983ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಇದನ್ನೇ ಎತ್ತಿ ತೋರಿಸಿದರು: ರೈತರ ಬಂಡಾಯಗಳ ಬಗ್ಗೆ ಬರೆಯುವಾಗ ಅಧಿಕಾರಿಗಳೂ, ಅವರ ಕಡತ ನೋಡಿ ಬರೆಯುವ ವಿದ್ವಾಂಸರೂ ಬಿರುಗಾಳಿ, ಭೂಕಂಪ, ಕಾಳ್ಗಿಚ್ಚುಗಳ ಹೋಲಿಕೆಗೆ ಕೈಚಾಚುತ್ತಾರೆ. ರೈತ ಯೋಚಿಸಿ ಹೆಜ್ಜೆ ಇಟ್ಟ ಎಂದು ಒಪ್ಪುವುದಕ್ಕಿಂತ ಪ್ರಕೃತಿಯ ಮೇಲೆ ಹಾಕುವುದು ಸುಲಭ. ಎರಡು ವರ್ಷಗಳ ನಂತರ ಬರ್ಟನ್ ಸ್ಟೈನ್ ಮೈಸೂರಿನ ಈ ಪ್ರಕರಣದ ಬಗ್ಗೆಯೇ ಲೇಖನ ಬರೆದರು. ಅದರ ಉಪಶೀರ್ಷಿಕೆಯಲ್ಲಿ ಎರಡು ಪದಗಳಿದ್ದವು, ಘಟನೆ ಮತ್ತು ಪ್ರಕ್ರಿಯೆ. ಒಂದು ದಿನ ಆದದ್ದು ಘಟನೆ. ಹತ್ತಾರು ವರ್ಷ ಆಗುತ್ತಲೇ ಬಂದದ್ದು ಪ್ರಕ್ರಿಯೆ. ದಂಗೆ ಮತ್ತು ಬಂಡಾಯಗಳ ನಡುವಿನ ಅಂತರವೂ ಹೆಚ್ಚುಕಡಿಮೆ ಇದೇ.

ಘಟ್ಟದ ಕೆಳಗೆ 1837ರಲ್ಲಿ ಸುಳ್ಯದ ಕಡೆಯಿಂದ ಹೊರಟ ಜನ ಮಂಗಳೂರನ್ನೇ ಕೆಲವು ದಿನ ಹಿಡಿದಿಟ್ಟುಕೊಂಡಿದ್ದರು. ಕೊಡಗನ್ನು 1834ರಲ್ಲಿ ಕಂಪನಿ ನುಂಗಿದ ಮೇಲೆ ಧಾನ್ಯದ ಬದಲು ನಗದಿನಲ್ಲಿ ಕಂದಾಯ ಕೇಳಿದ್ದು ಅದರ ಕಾರಣಗಳಲ್ಲೊಂದು. ಜನರ ಬಾಯಲ್ಲಿ ಅದು ‘ಕಲ್ಯಾಣಪ್ಪನ ಕಾಟಕಾಯಿ’ ಎಂದು ಉಳಿಯಿತು. ಕಾಟಕಾಯಿ ಎಂದರೆ ಸುಲಿಗೆ. ಈಗ ಅದನ್ನು ಅಮರ ಸುಳ್ಯದ ಸ್ವಾತಂತ್ರ್ಯ ಹೋರಾಟ ಎನ್ನುತ್ತಾರೆ. 2022ರಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಅದರ ನಾಯಕರಲ್ಲೊಬ್ಬರಾದ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆಯೂ ನಿಂತಿತು. ಇನ್ನು 1857ರ ‘ಸಿಪಾಯಿ ದಂಗೆ’ ‘ಪ್ರಥಮ ಸ್ವಾತಂತ್ರ್ಯ ಸಂಗ್ರಾಮ’ವಾದ ಕತೆ ಎಲ್ಲರಿಗೂ ಗೊತ್ತು. ಆದರೆ ಆಯುಧ ಒಪ್ಪಿಸಲು ಒಲ್ಲೆನೆಂದ ಹಲಗಲಿಯ ಬೇಡರದ್ದು ಇಂದಿಗೂ ‘ದಂಗೆ’, ಅರಸು ಮನೆತನದ ಬಾಬಾಸಾಹೇಬ ಎದ್ದ ನರಗುಂದದ್ದು ‘ಬಂಡಾಯ’. ಬೇಡ ಎದ್ದರೆ ದಂಗೆ, ದೊರೆ ಎದ್ದರೆ ಬಂಡಾಯ! ಇದು ಯಾರೂ ಕೂತು ಮಾಡಿದ ನಿಯಮವಲ್ಲ, ತಾನಾಗಿಯೇ ಆಗಿಹೋದದ್ದು. ಅದೇ ನರಗುಂದ, ನವಲಗುಂದದ ರೈತರು 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರದ ವಿರುದ್ಧ ಬೀದಿಗಿಳಿದು, ಗೋಲಿಬಾರ್ ಆಗಿ, ಎರಡೂ ಕಡೆ ಹೆಣ ಬಿದ್ದಾಗ ಆ ದಿನಕ್ಕೆ ‘ರೈತ ಬಂಡಾಯ’ ಎಂಬ ಹೆಸರು ನಿಂತಿತು. ರೈತರಿಗೂ ಆ ಪದ ಸಿಕ್ಕಿತು ಎನ್ನಬೇಕು.

ಕಾನೂನಿನಲ್ಲಿ ಈ ಹಠಾತ್ ಎಂಬುದರ ಬೆಲೆಯೇ ತಲೆಕೆಳಗು. ಒಬ್ಬ ಮನುಷ್ಯ ಹಠಾತ್ ಮತ್ತು ತೀವ್ರ ಪ್ರಚೋದನೆಗೆ ಒಳಗಾಗಿ, ಸ್ಥಿಮಿತ ಕಳೆದುಕೊಂಡು ಕೊಂದರೆ ಅದು ಕೊಲೆಗಿಂತ ಕಡಿಮೆಯ ಅಪರಾಧವಾಗುತ್ತದೆ. ಮೊದಲೇ ಯೋಚಿಸಿ ಮಾಡಿದರೆ ಶಿಕ್ಷೆ ಹೆಚ್ಚು. ಅಲ್ಲಿ ‘ಥಟ್ಟನೆ’ ಎಂಬುದು ಆರೋಪಿಗೆ ಆಸರೆ. ಸಾವಿರ ಜನ ಸೇರಿದಾಗ ಅದೇ ‘ಥಟ್ಟನೆ’ ಅವರ ಬಾಯಿ ಕಟ್ಟುತ್ತದೆ. ಥಟ್ಟನೆ ಆದದ್ದಕ್ಕೆ ಕಾರಣ ಕೇಳುವುದೇನಿದೆ?

ಮಲೆನಾಡಿನಲ್ಲಿ ಈ ಬಲೆಯಿಂದ ತಪ್ಪಿಸಿಕೊಂಡ ಪ್ರಕರಣವೂ ಇದೆ. ಅದು ನಡೆದದ್ದು 120 ವರ್ಷಗಳ ನಂತರ, ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ.

ಕಾಗೋಡಿನ ಗೇಣಿದಾರರಲ್ಲಿ ಹೆಚ್ಚಿನವರು ದೀವರು. ಗದ್ದೆ ಒಡೆಯರದು, ಉಳುಮೆ ಇವರದು. ಜಗಳದ ಮೂಲ ಒಂದು ಕೊಳಗ. ಗೇಣಿ ಬತ್ತ ಅಳೆಯುವ ಆ ಕೊಳಗ ರೂಢಿಯ ಅಳತೆಗಿಂತ ದೊಡ್ಡದು ಎಂಬುದು ಅವರ ದೂರು. ಒಂದೊಂದು ಕೊಳಗದಲ್ಲಿ ಹೆಚ್ಚಾಗಿ ಹೋಗುವುದು ಕೆಲವು ಹಿಡಿ ಬತ್ತ ಇರಬಹುದು. ಒಂದು ಸುಗ್ಗಿಯ ಗೇಣಿಯಲ್ಲಿ ಅದು ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಲು ಗೇಣಿದಾರನಿಗೆ ಶಾಲೆ ಬೇಕಾಗಿರಲಿಲ್ಲ. ಅದರ ಜೊತೆಗೆ ಬಿಟ್ಟಿ ದುಡಿಮೆ, ಕೊಟ್ಟ ಗೇಣಿಗೆ ರಶೀದಿ ಇಲ್ಲದಿರುವುದು, ಒಡೆಯರೆದುರು ಪಂಚೆ ಎಷ್ಟು ಇಳಿಬಿಡಬೇಕು ಎಂಬಲ್ಲಿಯವರೆಗಿನ ಅವಮಾನಗಳು. ಎಚ್. ಗಣಪತಿಯಪ್ಪ ಊರೂರು ಸುತ್ತಿ ಗೇಣಿದಾರರನ್ನು ರೈತ ಸಂಘಕ್ಕೆ ಸೇರಿಸಿದರು. ಒಡೆಯರು ಎದುರೇಟಾಗಿ ಗದ್ದೆ ಬಿಡಿಸಲು ಹೊರಟರು.

1951ರ ಏಪ್ರಿಲ್ 18ರಂದು ಗೇಣಿದಾರರು ನೇಗಿಲು ಹೊತ್ತು, ಬಿಡಿಸಲಾಗಿದ್ದ ಗದ್ದೆಗೆ ಇಳಿದರು. ಪೊಲೀಸರು ಹಿಡಿದರು. ಮತ್ತೊಂದು ತಂಡ ಇಳಿಯಿತು. ಅದನ್ನೂ ಹಿಡಿದರು. ಇದು ಹೀಗೆಯೇ ವಾರಗಟ್ಟಲೆ ನಡೆಯಿತು. ತೀರ್ಥಹಳ್ಳಿ ತಾಲ್ಲೂಕಿನ ಶಾಂತವೇರಿಯ ಗೋಪಾಲಗೌಡರು ಸಮಾಜವಾದಿ ಪಕ್ಷದ ಬಲದೊಂದಿಗೆ ಬೆನ್ನಿಗೆ ನಿಂತರು. ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಸ್ವತಃ ಬಂದು ಬಂಧನಕ್ಕೊಳಗಾದರು. ಸಾಗರದ ಸುದ್ದಿ ದೇಶದ ಪತ್ರಿಕೆಗಳಿಗೆ ಮುಟ್ಟಿತು.

ಈ ಹೋರಾಟಕ್ಕೆ ‘ಸತ್ಯಾಗ್ರಹ’ ಎಂಬ ಹೆಸರು ಮೊದಲೇ ಗೊತ್ತಾಗಿತ್ತು ಎಂಬುದನ್ನು ಮರೆಯಬಾರದು. 1830ರ ರೈತರ ಕೂಟಕ್ಕೆ ಬೇರೆಯವರು ಹೆಸರಿಟ್ಟರು. 1951ರ ರೈತರು ತಮ್ಮ ಹೆಸರನ್ನು ತಾವೇ ಆರಿಸಿಕೊಂಡಿದ್ದರು. ಸತ್ಯಾಗ್ರಹವೂ ‘ಏಳು’ವುದಿಲ್ಲ, ಅದನ್ನು ಹೂಡುತ್ತಾರೆ, ನೇಗಿಲು ಹೂಡಿದ ಹಾಗೆ. ತಂಡ ತಂಡವಾಗಿ, ಹೆಸರು ಬರೆಸಿ, ಸರದಿ ಪ್ರಕಾರ ಜೈಲಿಗೆ ಹೋಗುವವರನ್ನು ದಂಗೆಕೋರರು ಎಂದು ಕರೆಯುವುದು ಸರ್ಕಾರಕ್ಕೂ ಸುಲಭವಿರಲಿಲ್ಲ. ಜಿ. ರಾಜಶೇಖರ ಅವರು ಈ ಹೋರಾಟದ ಮೇಲೆ ಬರೆದ ಪುಸ್ತಕದ ಹೆಸರೂ ‘ಕಾಗೋಡು ಸತ್ಯಾಗ್ರಹ’ ಎಂದೇ ಇದೆ.

ಫಲ ಕೂಡಲೇ ಸಿಕ್ಕಿತೆಂದಲ್ಲ. ಗದ್ದೆ ಕಳೆದುಕೊಂಡವರು, ಬೇಸಾಯದ ಹಂಗಾಮನ್ನೇ ಜೈಲಿನಲ್ಲಿ ಕಳೆದವರು ಬಹಳ ಮಂದಿ. 1952ರ ಚುನಾವಣೆಯಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದ ಗೋಪಾಲಗೌಡರು ಗೆದ್ದು ಕೊಳಗದ ಮಾತನ್ನು ವಿಧಾನಸಭೆಗೆ ಕೊಂಡೊಯ್ದರು. 1972ರ ಜೂನ್‌ನಲ್ಲಿ ಅವರು ತೀರಿಕೊಂಡರು. ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿದಾರರು ಅರ್ಜಿ ಹಿಡಿದು ಭೂನ್ಯಾಯ ಮಂಡಳಿಗಳ ಮುಂದೆ ಸಾಲು ನಿಂತಾಗ ಕಾಗೋಡಿನ ಮೊದಲ ತಂಡ ಗದ್ದೆಗಿಳಿದು 23 ವರ್ಷಗಳಾಗಿದ್ದವು.

‘ಕೂಟ’ ಎಂಬ ಹಳೆಯ ಮಾತು ಏನಾಯಿತು? ಊಟದ ಕೂಟ, ಸ್ನೇಹಕೂಟ, ಕನ್ನಡ ಕೂಟಗಳಲ್ಲಿ ಅದು ಸುಖವಾಗಿದೆ. ಇನ್ನೊಂದು ಕಡೆಯೂ ಉಳಿದಿದೆ. ಐದು ಅಥವಾ ಹೆಚ್ಚು ಮಂದಿ ಕಾನೂನು ಒಪ್ಪದ ಉದ್ದೇಶಕ್ಕೆ ಸೇರಿದರೆ ಅಪರಾಧ ಎಂದು 1860ರ ದಂಡಸಂಹಿತೆ ಬರೆಯಿತು; 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಅದನ್ನು 189ನೇ ಕಲಮಿನಲ್ಲಿ ಉಳಿಸಿಕೊಂಡಿದೆ. ಠಾಣೆಗಳಲ್ಲಿ ಕನ್ನಡದಲ್ಲಿ ದೂರು ಬರೆಯುವಾಗ ಅದಕ್ಕೆ ಬಳಸುವ ಮಾತು ‘ಅಕ್ರಮ ಕೂಟ’.